ಮಗು ಆದ ಮೇಲೂ ಹತ್ತನೇ ತರಗತಿ ಕಟ್ಟಬಹುದು

ಪಕ್ಕದ ಮನೆಯ ಹುಡುಗಿಗೆ 16 ವರ್ಷ, ಒಂಬತ್ತನೇ ತರಗತಿ ಮುಗಿದಿದೆ, ಕೈಯಲ್ಲಿ ನಾಲ್ಕು ತಿಂಗಳ ಕೂಸು, ಎಸ್ಸೆಸ್ಸೆಲ್ಸಿ ಬರೆಯೋಕೆ ಆಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಆಗುತ್ತದೆ. ಶಾಲೆಯವರು ಟಿಸಿ ತಗೊಂಡು ಹೋಗಿ ಅಂದರೆ ಸುಮ್ನೆ ತಗೊಳ್ಳಬೇಡಿ, ಮೊದಲು ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ ಮಾತಾಡಿ.

ದಿನಾ ತರಗತಿಗೆ ಹೋಗೋದು ಕಷ್ಟ ಅಂದರೆ ಖಾಸಗಿ ಅಭ್ಯರ್ಥಿಯಾಗಿ ಕಟ್ಟಬಹುದು. ಆದರೆ ನನ್ನ ಕೇಳಿದರೆ, ಮನೆಯಲ್ಲೇ ಓದಿ ಪರೀಕ್ಷೆ ಬರೆಯಬಹುದಾದ ಕೇಂದ್ರ ಸರ್ಕಾರದ ಮುಕ್ತ ಶಾಲೆ ಎನ್‌ಐಒಎಸ್ ಮೇಲು. ಒಮ್ಮೆ ಸೇರಿದರೆ 5 ವರ್ಷ ಸಮಯ, 9 ಅವಕಾಶ. ಒಂದೊಂದೇ ವಿಷಯ ಪಾಸು ಮಾಡಿಕೊಂಡು ಹೋಗಬಹುದು. ಕೂಸಿಗೆ ಜ್ವರ ಬಂದು ಒಂದು ಪರೀಕ್ಷೆ ತಪ್ಪಿದರೂ ಎಲ್ಲ ಹಾಳಾಗಲ್ಲ, ಅಲ್ವಾ?

ನಮ್ಮ ಚಿಕ್ಕಮ್ಮನ ಮಗಳು ಹೀಗೇ ಬರೆದಳು. ಗೇಟಿನಾಚೆ ಬೇವಿನ ಮರದ ಕೆಳಗೆ ಚಿಕ್ಕಮ್ಮ ಕೂಸು ಹಿಡಿದು ಕೂತಿದ್ದರು. ಬೆಲ್ಲಿಗೆ ಹತ್ತು ನಿಮಿಷ ಇರುವಾಗ ಹಾಲು ಕುಡಿಸಿ ಒಳಗೆ ಓಡಿದ್ದಳು. ಮೂರು ಗಂಟೆ ಕೂತರೆ ಎದೆ ಬಿಗಿದು ಬಟ್ಟೆ ಒದ್ದೆಯಾಗುತ್ತದೆ, ಇದನ್ನು ಯಾರೂ ಹೇಳೋದೇ ಇಲ್ಲ. ಒಂದು ಒಣ ಬಟ್ಟೆ ಮಡಚಿ ಇಟ್ಟುಕೊಳ್ಳೋಕೆ ಹೇಳಿ.

ಮನೆಯವರೇ ಓದೋಕೆ ಬಿಡದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಅವಳಿಗಿನ್ನೂ 18 ಆಗಿಲ್ಲ, ಅವಳೂ ಮಗುವೇ.