ರೊಟ್ಟಿ ಬಡಿಯೋಕೆ ಕಾಲೇಜು ಯಾಕೆ ಅಂತ ಕೇಳಿದ್ದೀರಿ

ಓದುಗರ ಪತ್ರ:

"ಸಂಪಾದಕರಿಗೆ ನಮಸ್ಕಾರ. ನಾನು ಮುಧೋಳ ತಾಲೂಕಿನ ರೈತ. ನಾಲ್ಕು ಎಕರೆ ಕಬ್ಬು, ಎರಡು ಎಮ್ಮೆ ಇವೆ. ಮಗಳು ಪಿಯುಸಿ ಎರಡನೇ ವರ್ಷ, ಸೈನ್ಸ್. ಓದಿನಲ್ಲಿ ಚುರುಕು. ಡಾಕ್ಟರ್ ಆಗಲಿ ಅಂತ ನನ್ನ ಆಸೆ. ಆಗದಿದ್ದರೆ ನರ್ಸಿಂಗ್ ಇಲ್ಲವೇ ಬಿಸಿಎ ಮಾಡು ಅಂದೆ. ಅವಳು ಧಾರವಾಡಕ್ಕೆ ಹೋಗಿ ಗೃಹವಿಜ್ಞಾನ ಓದುತ್ತೇನೆ, ಆಹಾರ ಮತ್ತು ಪೋಷಣೆಯಲ್ಲೇ ಮುಂದೆ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾಳೆ. ಬಂಧುಗಳು ನಗುತ್ತಾರೆ. ರೊಟ್ಟಿ ಬಡಿಯೋದನ್ನು ಅವ್ವನ ಹತ್ತಿರ ಕಲಿಯಬಹುದು, ಅದಕ್ಕೆ ಕಾಲೇಜು ಯಾಕೆ ಅಂತಾರೆ. ನನಗೂ ಹಾಗೇ ಅನಿಸುತ್ತದೆ. ನೌಕರಿಯಾದರೂ ಸಿಗುತ್ತದೆಯೇ? ದಯವಿಟ್ಟು ತಿಳಿಸಿ. ಹೆಸರು ಹಾಕಬೇಡಿ."

ಸಂಪಾದಕರ ಉತ್ತರ:

ಅಣ್ಣಾರೇ, ಹೆಸರು ಹಾಕಿಲ್ಲ. ಆದರೆ ಉತ್ತರ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಈ ತಿಂಗಳು ಬಂದ ಪತ್ರಗಳಲ್ಲಿ ನಿಮ್ಮದನ್ನೇ ಆರಿಸಿಕೊಂಡೆ. ಈ ವಿಷಯ ನನ್ನೊಳಗೆ ಬಹಳ ವರ್ಷದಿಂದ ಕುದಿಯುತ್ತಿದೆ.

ಮೊದಲು ನಿಮ್ಮ ಚಿಂತೆಯ ಮಾತು. ಅದು ಸುಳ್ಳಲ್ಲ. ಡಯಟೀಷಿಯನ್, ಅಂದರೆ ರೋಗಿಗಳ ಊಟ-ಪಥ್ಯ ನೋಡಿಕೊಳ್ಳುವವರಾಗಿ ಖಾಸಗಿ ಆಸ್ಪತ್ರೆಗೆ ಸೇರಿದವರಿಗೆ ಶುರುವಿನ ಸಂಬಳ ಕಡಿಮೆ. ಸರ್ಕಾರಿ ಹುದ್ದೆ ಕರೆದಾಗ ಕರೆದರು. ನರ್ಸಿಂಗ್ ಮುಗಿಸಿದವರಿಗೆ ಕೆಲಸ ಬೇಗ ಸಿಗುತ್ತದೆ, ಒಪ್ಪುತ್ತೇನೆ. ನಾಲ್ಕು ಎಕರೆ ಕಬ್ಬಿನ ಮೇಲೆ ಮಗಳನ್ನು ಓದಿಸುವ ಅಪ್ಪ ಇದನ್ನು ಕೇಳಲೇಬೇಕು.

ಆದರೆ "ರೊಟ್ಟಿ ಬಡಿಯೋಕೆ ಕಾಲೇಜು ಯಾಕೆ" ಅನ್ನುವ ಮಾತನ್ನು ನಾನು ಒಪ್ಪೋದಿಲ್ಲ. ನಿಮ್ಮ ಮನೆಯ ಎಮ್ಮೆ ಹಾಲು ಕಡಿಮೆ ಮಾಡಿದರೆ ಏನು ಮಾಡುತ್ತೀರಿ? ದನದ ಡಾಕ್ಟರ್ ಹತ್ತಿರ ಹೋಗುತ್ತೀರಿ. ಎಷ್ಟು ಹಿಂಡಿ, ಎಷ್ಟು ಹಸಿ ಮೇವು, ಎಷ್ಟು ಒಣ ಮೇವು ಅಂತ ಕೇಳುತ್ತೀರಿ. ಕಬ್ಬಿನ ಎಲೆ ಹಳದಿಯಾದರೆ ಮಣ್ಣು ಪರೀಕ್ಷೆಗೆ ಕಳಿಸುತ್ತೀರಿ. ಅದೇ ಮನೆಯಲ್ಲಿ ಸೊಸೆ ಬಸುರಿಯಾಗಿ ಮುಖ ಬಿಳಿಚಿಕೊಂಡರೆ "ಹೆಣ್ಣುಮಕ್ಕಳಿಗೆ ಇದೆಲ್ಲಾ ಇರೋದೇ" ಅಂತ ಸುಮ್ಮನಾಗುತ್ತೇವೆ. ಎಮ್ಮೆಯ ಮೇವಿಗೆ ಓದಿದವರು ಬೇಕು, ಮನುಷ್ಯರ ಊಟಕ್ಕೆ ಬೇಡ ಅಂದರೆ ಯಾವ ನ್ಯಾಯ, ನೀವೇ ಹೇಳಿ.

ಇನ್ನು ರೊಟ್ಟಿಯ ಮಾತು. ನಿಮ್ಮ ಮನೆಯವರು ಹಿಟ್ಟಿಗೆ ತಣ್ಣೀರು ಹಾಕೋದಿಲ್ಲ, ಎಸರಿಟ್ಟು ಕುದಿಯುವ ನೀರೇ ಹಾಕುತ್ತಾರೆ ಅಲ್ವಾ? ಜೋಳದ ಹಿಟ್ಟಿನಲ್ಲಿ ಗೋಧಿಯ ಹಾಗೆ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಎಂಬ ಅಂಟು ಪ್ರೋಟೀನ್ ಇಲ್ಲ. ತಣ್ಣೀರಿನಲ್ಲಿ ನಾದಿದರೆ ಬಡಿಯುವಾಗಲೇ ಅಂಚು ಒಡೆಯುತ್ತದೆ. ಬಿಸಿನೀರು ಬಿದ್ದರೆ ಹಿಟ್ಟಿನ ಪಿಷ್ಟ ಉಬ್ಬಿ ಅಂಟಾಗುತ್ತದೆ, ಆಗ ಜಿಗಿ ಬರುತ್ತದೆ. ಅವ್ವನಿಗೆ ಇದು ಕೈಗೆ ಗೊತ್ತು. ಯಾಕೆ ಹಾಗಾಗುತ್ತದೆ ಅಂತ ಗೊತ್ತಿರುವ ಹುಡುಗಿ ನಾಳೆ ಸಾವಿರ ರೊಟ್ಟಿ ಮಾಡುವ ಘಟಕ ನಡೆಸಬಲ್ಲಳು. ಅವ್ವನ ವಿದ್ಯೆ ಸಣ್ಣದು ಅಂತ ನಾನು ಹೇಳುತ್ತಿಲ್ಲ. ಆ ವಿದ್ಯೆಯ ಮೇಲೆ ಇನ್ನೊಂದು ವಿದ್ಯೆ ಕಟ್ಟಬೇಕು ಅನ್ನುತ್ತಿದ್ದೇನೆ.

ನಮ್ಮ ಸೋದರತ್ತೆಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾದಾಗ ಒಂದು ದೊಡ್ಡ ಆಸ್ಪತ್ರೆಯಲ್ಲಿ ಊಟದ ಪಟ್ಟಿ ಕೊಟ್ಟರು. ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಓಟ್ಸ್, ಬ್ರೌನ್ ಬ್ರೆಡ್, ಆಲಿವ್ ಎಣ್ಣೆ, ಬ್ರೊಕೋಲಿ. ಅತ್ತೆ ಹುಟ್ಟಿದಾಗಿನಿಂದ ರೊಟ್ಟಿ, ಪುಂಡಿ ಪಲ್ಯ, ಅಗಸಿ ಹಿಂಡಿ ಉಂಡವಳು. ಪಟ್ಟಿಯಲ್ಲಿ ರೊಟ್ಟಿ ಇಲ್ಲ ಅಂತ ಬಿಟ್ಟೇಬಿಟ್ಟಳು. ಎರಡು ತುಂಡು ಬ್ರೆಡ್ಡು ಚಹಾದಲ್ಲಿ ಅದ್ದಿ ತಿಂದು ದಿನ ಕಳೆದಳು. ಕೈಕಾಲು ನಡುಗಲು ಶುರುವಾಯಿತು. ಆಮೇಲೆ ಪೋಷಣೆಯಲ್ಲಿ ಎಂಎಸ್ಸಿ ಓದುತ್ತಿದ್ದ ಪರಿಚಯದ ಹುಡುಗಿಯೊಬ್ಬಳು ಮನೆಗೆ ಬಂದಳು. ಬಂದವಳು ಪಟ್ಟಿ ತೆಗೆಯಲಿಲ್ಲ. ಅತ್ತೆಯ ಪಕ್ಕ ನೆಲದ ಮೇಲೆ ಕೂತು ಕೇಳಿದಳು: "ಎವ್ವಾ, ದಿನಕ್ಕ ಎಷ್ಟ ರೊಟ್ಟಿ ಉಣ್ತಿದ್ರಿ? ಎಷ್ಟ ದೊಡ್ಡವು, ಕೈಲೆ ತೋರಸ್ರಿ. ಚಾ ಎಷ್ಟ ಸಲ? ಸಕ್ರಿ ಎಷ್ಟ ಚಮಚ?" ಚಹಾ ದಿನಕ್ಕೆ ಐದು ಸಲ, ಪ್ರತಿ ಸಲ ಎರಡು ಚಮಚ ಸಕ್ಕರೆ. ಚಮಚಕ್ಕೆ 5 ಗ್ರಾಂ ಹಿಡಿದರೂ ದಿನಕ್ಕೆ 50 ಗ್ರಾಂ. ತಿಂಗಳಿಗೆ ಒಂದೂವರೆ ಕೆಜಿ, ಬರೀ ಚಹಾದಲ್ಲಿ! ತಪ್ಪು ರೊಟ್ಟಿಯದಾಗಿರಲಿಲ್ಲ.

ರೊಟ್ಟಿ ತೆಳ್ಳಗೆ ಬಡಿಯಿರಿ, ಒಂದು ಕಡಿಮೆ ಮಾಡಿ, ಅದರ ಬದಲು ಹೆಸರುಕಾಳಿನ ಪಲ್ಯ ಜಾಸ್ತಿ ಹಾಕಿಕೊಳ್ಳಿ, ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ ಮೊದಲಿನ ಹಾಗೇ ಇರಲಿ ಅಂದಳು. ಚಹಾದ ಸಕ್ಕರೆಯನ್ನು ವಾರವಾರ ಸ್ವಲ್ಪ ಸ್ವಲ್ಪ ಇಳಿಸಿದಳು. ಡಾಕ್ಟರ್ ಕೊಟ್ಟ ಗುಳಿಗೆ ಮುಂದುವರಿಯಿತು. ಅತ್ತೆ ಮತ್ತೆ ಹೊಟ್ಟೆ ತುಂಬಾ ಉಂಡಳು, ಸಕ್ಕರೆಯೂ ಹತೋಟಿಗೆ ಬಂತು. ನಮ್ಮ ತಟ್ಟೆ ಗೊತ್ತಿದ್ದು, ವಿಜ್ಞಾನವೂ ಗೊತ್ತಿರುವ ಜನ ನಮ್ಮ ಕಡೆ ಎಷ್ಟು ಜನ ಇದ್ದಾರೆ? ನಿಮ್ಮ ಮಗಳು ಅಂಥವಳಾಗಬಹುದು. ಮುಧೋಳದಲ್ಲಿ ಬೆಳೆದ ಹುಡುಗಿಗೆ ಓಟ್ಸ್ ಬರೆದುಕೊಡುವ ಹಣೆಬರಹ ಬರೋದಿಲ್ಲ.

ಇದು ವಿಜ್ಞಾನವೇ ಅಂತ ಕೇಳುವ ನಿಮ್ಮ ಬಂಧುಗಳಿಗೆ ಎರಡು ಕಥೆ ಹೇಳಿ. 1928ರಲ್ಲಿ ಲೂಸಿ ವಿಲ್ಸ್ ಅನ್ನುವ ಇಂಗ್ಲಿಷ್ ಡಾಕ್ಟರ್ ಮುಂಬೈಗೆ ಬಂದಳು. ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಸುರಿ ಹೆಂಗಸರಿಗೆ ಭಯಂಕರ ರಕ್ತಹೀನತೆ. ಕಾರಣ ಹುಡುಕುತ್ತಾ ಆಕೆ ಅವರು ಏನು ಉಣ್ಣುತ್ತಾರೆ ಅಂತ ನೋಡಿದಳು. ಕೊನೆಗೆ ಯೀಸ್ಟಿನಿಂದ ಮಾಡಿದ, ಬ್ರೆಡ್ಡಿಗೆ ಸವರಿ ತಿನ್ನುವ ಮಾರ್ಮೈಟ್ ಎಂಬ ಅಗ್ಗದ ಪದಾರ್ಥ ಕೊಟ್ಟಾಗ ಅವರು ಚೇತರಿಸಿಕೊಂಡರು. 1931ರಲ್ಲಿ ಅದನ್ನು ಪ್ರಕಟಿಸಿದಳು. ಆ ಪದಾರ್ಥದಲ್ಲಿ ಇದ್ದದ್ದು ಫೋಲಿಕ್ ಆಮ್ಲ ಅಂತ ಆಮೇಲೆ ಗೊತ್ತಾಯಿತು. ಇವತ್ತು ನಿಮ್ಮೂರ ಆಶಾ ಕಾರ್ಯಕರ್ತೆ ಬಸುರಿಯರಿಗೆ ಕೊಡುವ ಕೆಂಪು ಗುಳಿಗೆ, ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆ, ಎರಡರಲ್ಲೂ ಕಬ್ಬಿಣದ ಜೊತೆ ಇರೋದು ಅದೇ.

ಇನ್ನೊಂದು ಕಥೆ ನಮ್ಮ ಜೋಳದ್ದೇ. ಪೆಲ್ಲಾಗ್ರ ಅಂತ ಒಂದು ಕಾಯಿಲೆ. ಚರ್ಮ ಕಪ್ಪಾಗಿ ಸುಲಿಯುತ್ತದೆ, ಬೇಧಿ ಆಗುತ್ತದೆ, ಬುದ್ಧಿ ಮಂಕಾಗುತ್ತದೆ. ಗೋವಿನಜೋಳವನ್ನೇ ನೆಚ್ಚಿಕೊಂಡ ದೇಶಗಳ ಕಾಯಿಲೆ ಅಂತ ಹೆಸರಾಗಿತ್ತು. ಆದರೆ ಹೈದರಾಬಾದ್ ಸುತ್ತ ಬಿಳಿಜೋಳ ಉಣ್ಣುವ ಬಡವರಲ್ಲೂ ಕಂಡಿತು. 1960ರಲ್ಲಿ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಜೋಳದ ಪ್ರೋಟೀನಿನಲ್ಲಿ ಲ್ಯೂಸಿನ್ ಎಂಬ ಅಂಶ ಜಾಸ್ತಿ ಇರೋದೇ ಕಾರಣ ಇರಬಹುದು ಅಂತ ಬರೆದರು. ಅದರ ಮೇಲೆ ಬಹಳ ವರ್ಷ ವಾದ ನಡೆಯಿತು. ನಾನು ದಿನಾ ರೊಟ್ಟಿ ಉಣ್ಣುವವನು, ರೊಟ್ಟಿಯ ಮೇಲೆ ನನಗೆ ಅಭಿಮಾನ ಜಾಸ್ತಿಯೇ. ಆದರೂ ಬರೀ ರೊಟ್ಟಿ, ಖಾರ, ಉಪ್ಪು ಉಂಡರೆ ಸಾಲದು. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಇನ್ನೊಂದು ಅಂಶ ಕಡಿಮೆ, ಅದನ್ನು ಕಾಳು ತುಂಬುತ್ತದೆ. ಝುಣಕ, ಮಡಕಿಕಾಳು, ಮೊಸರು ತಟ್ಟೆಗೆ ಬಂದದ್ದು ಸುಮ್ನೆ ಅಲ್ಲ. ಆದರೆ ಬಡವರ ತಟ್ಟೆಯಿಂದ ಮೊದಲು ಮಾಯವಾಗುವುದೂ ಇವೇ. "ಅಜ್ಜಿ ಕಾಲದ ಊಟ ಉಂಡರೆ ಸಾಕು" ಅನ್ನುವವರು ಇದನ್ನು ನೆನಪಿಡಬೇಕು. ಅಜ್ಜಿಯ ತಟ್ಟೆ ಎಲ್ಲರ ಮನೆಯಲ್ಲೂ ತುಂಬಿರಲಿಲ್ಲ.

ಈಗಿನ ಲೆಕ್ಕ ಬೇಕಾ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಜನಕ್ಕೆ ರಕ್ತಹೀನತೆ. ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5. ನಮ್ಮ ವಿಜಯಪುರ ಜಿಲ್ಲೆಯ ಇಂಡಿ ಲಿಂಬೆ ದೇಶಕ್ಕೆಲ್ಲಾ ಹೋಗುತ್ತದೆ. ಸೊಪ್ಪು, ಕಾಳಿನ ಪಲ್ಯದ ಮೇಲೆ ಅದೇ ಲಿಂಬೆ ಹಿಂಡಿಕೊಂಡರೆ ಅದರೊಳಗಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ. ಉಂಡ ಕೂಡಲೇ ಚಹಾ ಕುಡಿದರೆ ಹತ್ತುವುದು ಕಡಿಮೆಯಾಗುತ್ತದೆ. ಇಷ್ಟು ಸಣ್ಣ ಮಾತನ್ನು ಇಂಡಿ ತಾಲೂಕಿನ ಎಷ್ಟು ಮನೆಗೆ ಯಾರು ಹೋಗಿ ಹೇಳಿದ್ದಾರೆ? ಗುಳಿಗೆ ಹಂಚುವವರಿದ್ದಾರೆ, ಊಟ ತಿಳಿಸುವವರು ಇಲ್ಲ.

ನನ್ನ ಸಿಟ್ಟು ಇಲ್ಲೇ ಇರೋದು. 1975ರ ಅಕ್ಟೋಬರ್ 2ರಿಂದ ಅಂಗನವಾಡಿ ಯೋಜನೆ ಇದೆ. 2017ರಿಂದ ಮಾತೃಪೂರ್ಣ ಇದೆ, ಬಸುರಿ ಬಾಣಂತಿಯರಿಗೆ ಬಿಸಿಯೂಟ. ಶಾಲೆಯಲ್ಲಿ ಬಿಸಿಯೂಟ, ಹಾಲು. ಇಷ್ಟು ದೊಡ್ಡ ಅಡುಗೆಮನೆ ನಡೆಸುವ ಸರ್ಕಾರ ತಾಲೂಕಿಗೊಬ್ಬ ಪೋಷಣೆ ಓದಿದವರನ್ನು ಕೂರಿಸಬಾರದೇ? 2021ರ ಡಿಸೆಂಬರಿನಲ್ಲಿ ವಿಜಯಪುರ, ಕಲಬುರಗಿ, ರಾಯಚೂರು ಕಡೆಯ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರುಮಾಡಿದಾಗ ನೆನಪಿದೆಯಾ? ಮಠಾಧೀಶರು ಮಾತಾಡಿದರು, ಮಂತ್ರಿಗಳು ಮಾತಾಡಿದರು, ಟಿವಿಯವರು ರಾತ್ರಿ ಪೂರ್ತಿ ಮಾತಾಡಿದರು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ, ಮೊಟ್ಟೆ ತಿನ್ನದ ಮಗುವಿಗೆ ಅಷ್ಟನ್ನು ಬೇರೆ ಯಾವುದರಿಂದ ಕೊಡೋಣ ಅಂತ ಈ ವಿಷಯ ಓದಿದ ಹೆಣ್ಣುಮಗಳೊಬ್ಬಳನ್ನು ಕೂರಿಸಿ ಕೇಳಿದ್ದನ್ನು ನಾನಂತೂ ನೋಡಲಿಲ್ಲ. ಊಟದ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಓದಿದವರನ್ನು ಬಿಟ್ಟು. ಮೊಬೈಲಿನಲ್ಲಿ ಯಾರೋ ಒಬ್ಬ "ಈ ಪುಡಿ ಕುಡಿಯಿರಿ, ಸಕ್ಕರೆ ಕಾಯಿಲೆ ಮಾಯ" ಅಂದರೆ ಓದಿದ ಮನೆಗಳಲ್ಲೇ ಗುಳಿಗೆ ಬಿಡುತ್ತಾರೆ.

ಪಿಯುಸಿ ಸೈನ್ಸ್ ಅಂದರೆ ನೀಟ್, ನೀಟ್ ಸಿಗದಿದ್ದರೆ ಬಾಳೇ ಮುಗಿಯಿತು ಅನ್ನುವ ಹವಾ ಬೇರೆ. ಮನೆ ಮನೆಯಲ್ಲಿ ಮಕ್ಕಳು ಬಾಡುತ್ತಿದ್ದಾರೆ. ನಿಮ್ಮ ಮಗಳು ತನಗೆ ಏನು ಬೇಕು ಅಂತ ತಾನೇ ಹುಡುಕಿಕೊಂಡಿದ್ದಾಳೆ. ಅದಕ್ಕೆ ನೀವು ಹೆಮ್ಮೆ ಪಡಬೇಕಿತ್ತು, ಅಣ್ಣಾರೇ.

ನೌಕರಿಯ ವಿಷಯಕ್ಕೆ ಬರೋಣ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಗೃಹವಿಜ್ಞಾನ ಕಾಲೇಜನ್ನು ಈಗ ಸಮುದಾಯ ವಿಜ್ಞಾನ ಕಾಲೇಜು ಅನ್ನುತ್ತಾರೆ. ನಾಲ್ಕು ವರ್ಷದ ಬಿಎಸ್ಸಿ ಆನರ್ಸ್. ಬರೀ ಅಡುಗೆಯಲ್ಲ. ಆಹಾರ ವಿಜ್ಞಾನ, ಮಕ್ಕಳ ಬೆಳವಣಿಗೆ, ಬಟ್ಟೆ, ಮನೆಯ ಸಂಪನ್ಮೂಲ, ಕಲಿತದ್ದನ್ನು ಹಳ್ಳಿಯ ಜನಕ್ಕೆ ಮುಟ್ಟಿಸುವ ವಿಸ್ತರಣೆ ಎಲ್ಲಾ ಇದೆ. ಇಳಕಲ್ ಸೀರೆ, ಗುಳೇದಗುಡ್ಡದ ಖಣ ನಿಮ್ಮ ಜಿಲ್ಲೆಯವೇ. ನಾಳೆ ಅವಳ ಮನಸ್ಸು ಬಟ್ಟೆಯ ಕಡೆ ತಿರುಗಿದರೂ ಆಶ್ಚರ್ಯವಿಲ್ಲ. ಪೋಷಣೆಯಲ್ಲೇ ಮುಂದುವರಿದರೆ ಎಂಎಸ್ಸಿ ಮಾಡಲಿ. ಇಲ್ಲಿ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲೇ ಆಹಾರ ಸಂಸ್ಕರಣೆ ಮತ್ತು ಪೋಷಣೆ ವಿಭಾಗ ಇದೆ. ಆಮೇಲೆ ಆಸ್ಪತ್ರೆಯಲ್ಲಿ ತರಬೇತಿ ಮುಗಿಸಿ, ಭಾರತೀಯ ಡಯಟಿಕ್ ಸಂಘದ ಆರ್‌ಡಿ (ನೋಂದಾಯಿತ ಡಯಟೀಷಿಯನ್) ಪರೀಕ್ಷೆ ಪಾಸಾದರೆ ದೊಡ್ಡ ಆಸ್ಪತ್ರೆಗಳಲ್ಲಿ ಬೆಲೆ ಬೇರೆ. 2021ರ ಕೇಂದ್ರದ ಕಾನೂನು ಡಯಟೀಷಿಯನ್‌ರನ್ನು ಆರೋಗ್ಯ ವೃತ್ತಿಪರರ ಪಟ್ಟಿಗೆ ಸೇರಿಸಿದೆ. ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ಗೃಹವಿಜ್ಞಾನ ತಜ್ಞರ ಹುದ್ದೆ ಇರುತ್ತದೆ. ಅದು ನನಗೆ ಬಹಳ ಇಷ್ಟದ ಕೆಲಸ, ಯಾಕೆಂದರೆ ಹಳ್ಳಿಯ ಕಟ್ಟೆಯ ಮೇಲೆ ಕೂತು ಮಾಡುವಂಥದ್ದು.

ಸ್ವಂತ ಉದ್ಯೋಗ ಅಂದರೆ ರೊಟ್ಟಿಯೇ ಇದೆ! ನಮ್ಮ ಕಡೆಯ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಪುಣೆ, ಬೆಂಗಳೂರಿಗೆ ಹೋಗುತ್ತಿವೆ. ಆದರೆ ರೊಟ್ಟಿಯಲ್ಲಿ ಪಸೆ ಉಳಿದರೆ ಪಾಕೀಟಿನಲ್ಲೇ ಬೂಸ್ಟು ಹಿಡಿಯುತ್ತದೆ. ಮುಗ್ಗಿದ ಶೇಂಗಾದಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು, ಹುರಿದರೂ ಪೂರ್ತಿ ಹೋಗದು. ಇದನ್ನೆಲ್ಲಾ ತಿಳಿದು ಘಟಕ ಹಾಕಿದವರು ಉಳಿಯುತ್ತಾರೆ. 2020ರಲ್ಲಿ ಬಂದ ಕೇಂದ್ರದ ಕಿರು ಆಹಾರ ಸಂಸ್ಕರಣೆ ಯೋಜನೆ ಇಂಥ ಘಟಕಗಳಿಗೆ ಖರ್ಚಿನ ಶೇ 35, ಹೆಚ್ಚೆಂದರೆ 10 ಲಕ್ಷ ರೂಪಾಯಿ ಸಹಾಯಧನ ಅಂತ ಇಟ್ಟಿತ್ತು.

ಕೊನೆಗೆ ಒಂದು ಕೆಲಸದ ಮಾತು. ಧಾರವಾಡದ ಸೀಟು ಹೆಚ್ಚಾಗಿ ಸಿಇಟಿ ಮೂಲಕ ಸಿಗೋದು. ರೈತರ ಮಕ್ಕಳಿಗೆ ಅದರಲ್ಲಿ ಬೇರೆ ಕೋಟಾ ಇದೆ, ಬೀಜ, ಗೊಬ್ಬರ, ಸಲಕರಣೆ ಗುರುತಿಸುವ ಪ್ರಾಯೋಗಿಕ ಪರೀಕ್ಷೆಯೂ ಇದೆ. ಹೊಲದಲ್ಲಿ ಬೆಳೆದ ಹುಡುಗಿಗೆ ಅದು ಕಷ್ಟವಲ್ಲ, ಆದರೂ ಒಂದೆರಡು ಭಾನುವಾರ ಹೊಲಕ್ಕೆ ಕರೆದುಕೊಂಡು ಹೋಗಿ ಎಲ್ಲಾ ಕೈಯಲ್ಲಿ ಹಿಡಿಸಿ ಕೇಳಿ. ಪಹಣಿ ನಿಮ್ಮ ಹೆಸರಿನಲ್ಲಿದೆಯೋ ಇನ್ನೂ ನಿಮ್ಮ ತಂದೆಯವರ ಹೆಸರಿನಲ್ಲಿದೆಯೋ ನೋಡಿಕೊಳ್ಳಿ. ಕೋಟಾಕ್ಕೆ ತಹಶೀಲ್ದಾರರ ಪ್ರಮಾಣಪತ್ರ ಬೇಕು. ಅರ್ಜಿ ಕರೆದ ಮೇಲೆ ಓಡಾಡಿದರೆ ತಡವಾಗುತ್ತದೆ, ಈಗಲೇ ಮುಧೋಳಕ್ಕೆ ಹೋಗಿ ಕೇಳಿ ಬನ್ನಿ.