ಲೂಪ್, ಫಂಕ್ಷನ್ ಎಲ್ಲ ಗೊತ್ತು. ಇಲ್ಲಿಂದ ಮುಂದೆ ಪ್ರೋಗ್ರಾಮಿಂಗ್ ಸುಧಾರಿಸುವುದು ಹೇಗೆ?

ಸುಮ್ನೆ ಮಜಾಕ್ಕೆ ಅನ್ನುವಂಥ ಸಣ್ಣ ಪ್ರಾಜೆಕ್ಟ್‌ಗಳನ್ನು ಮಾಡಿ. ಇನ್ನೊಂದು ಕೋರ್ಸ್‌ಗಿಂತ ಅವು ಜಾಸ್ತಿ ಕಲಿಸುತ್ತವೆ. ಕೋರ್ಸ್‌ನಲ್ಲಿ ಸಮಸ್ಯೆಯನ್ನು ಬೇರೆಯವರು ಆಗಲೇ ಬಿಡಿಸಿ ಕೊಟ್ಟಿರುತ್ತಾರೆ. ಸ್ವಂತ ಪ್ರಾಜೆಕ್ಟ್‌ನಲ್ಲಿ ಅದನ್ನು ನೀವೇ ಬಿಡಿಸಬೇಕು. ಈ ಹಂತದಲ್ಲಿ ಕಲಿಯಬೇಕಿರುವುದೇ ಅದು.

ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಆಗಿರುವ ಕನ್ನಡ ಪದಗಳನ್ನು ಹುಡುಕುವ ಪ್ರೋಗ್ರಾಂ ಬರೆಯಿರಿ. ಪೈಥಾನ್‌ನಲ್ಲಿ ಪದ ತಿರುಗಿಸಿ ಹೋಲಿಸಿದರೆ ಆಯ್ತು, ಅಲ್ವಾ? ‘ಕನಕ’ ಪಾಸ್. ‘ವಿಕಟಕವಿ’ ಫೇಲ್! ನಮಗೆ ಅದು 5 ಅಕ್ಷರ, ಪೈಥಾನ್‌ಗೆ 7. ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಪದ್ಧತಿಯಲ್ಲಿ, ‘ವ’ ಬೇರೆ, ಅದರ ಗುಡಿಸು ಬೇರೆ. ತಿರುಗಿಸಿದಾಗ ಒಂದು ಗುಡಿಸು ಒಂಟಿಯಾಗಿ ಮೊದಲಿಗೆ ಬರುತ್ತದೆ. ಇನ್ನೊಂದು ಪಕ್ಕದ ‘ಕ’ಗೆ ಅಂಟಿಕೊಂಡು ‘ಕಿ’ ಆಗುತ್ತದೆ. ಹಾಗಾಗಿ ಮೊದಲು ಪ್ರತಿ ಚಿಹ್ನೆಯನ್ನೂ ಅದರ ಅಕ್ಷರದ ಜೊತೆ ಸೇರಿಸಿ ಗುಂಪು ಮಾಡಬೇಕು, ಆಮೇಲೆ ಗುಂಪುಗಳನ್ನು ತಿರುಗಿಸಬೇಕು.

ಒತ್ತಕ್ಷರ ಬಂದರೆ ಇನ್ನೂ ಮಜಾ. ‘ಅಮ್ಮ’ದಲ್ಲಿರುವ ‘ಮ್ಮ’ಕ್ಕೆ ಮೂರು ಸಂಕೇತ: ಮ, ಅರ್ಧಾಕ್ಷರದ ಚಿಹ್ನೆ, ಮತ್ತೆ ಮ. ಅದೂ ಸರಿಯಾದ ಮೇಲೆ ಒಂದು ದೊಡ್ಡ ಪದಪಟ್ಟಿ ಕೊಟ್ಟು ನೋಡಿ. ನೀವು ಯೋಚಿಸದೇ ಇದ್ದ ಪದಗಳು ಕೈಕೊಡುತ್ತವೆ, ಮತ್ತೆ ಕೋಡ್ ತಿದ್ದಬೇಕಾಗುತ್ತದೆ.