ಪೇಂಟ್ ಡಬ್ಬಿ ಆಮೇಲೆ, ಮೊದಲು ಸೋರುವ ಜಾಗ ಹುಡುಕಿ

ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಚಕ್ರದ ಮನೆ, ಅಂದರೆ ಟ್ರಾವೆಲ್ ಟ್ರೇಲರ್ ಬಗ್ಗೆ ಈ ಸಲ ಜಾಸ್ತಿ ಪತ್ರಗಳು ಬಂದಿವೆ. ಬಹುತೇಕ ಎಲ್ಲವೂ ಅಮೆರಿಕದಲ್ಲಿರುವ ಕನ್ನಡಿಗರದು. ಅರವತ್ತು ವರ್ಷ ಹಳೆಯ ಟ್ರೇಲರ್ ಕೊಂಡು, ಮನೆ ಮುಂದೆ ನಿಲ್ಲಿಸಿ, ಒಳಗೆ ಕಾಲಿಟ್ಟ ಮೇಲೆ ತಲೆ ಮೇಲೆ ಕೈ ಹೊತ್ತವರು.

ಪ್ರಶ್ನೆ: 1964ರ ಶಾಸ್ತಾ ಕಾಂಪ್ಯಾಕ್ಟ್ ಕೊಂಡಿದ್ದೇವೆ. ಒಳಗೋಡೆ ಎಲ್ಲಾ ಜೇನುಬಣ್ಣದ ಪ್ಲೈವುಡ್. ಮುಂದಿನ ಕಿಟಕಿ ಕೆಳಗೆ ಕಪ್ಪು ಕಲೆ ಇದೆ, ಮಳೆ ಬಂದ ಮಾರನೇ ದಿನ ಮುಗ್ಗಲು ವಾಸನೆ. ಬಿಳಿ ಪೇಂಟ್ ಹೊಡೆದರೆ ಚೆನ್ನಾಗಿ ಕಾಣುತ್ತೆ ಅಂತ ಮನೆಯವರು. ಪಕ್ಕದ ಮನೆಯವರು ಒಳಗಿರುವುದನ್ನೆಲ್ಲ ಕಿತ್ತು ಹೊಸದಾಗಿ ಮಾಡಿ ಅಂತಾರೆ. ಎಲ್ಲಿಂದ ಶುರು ಮಾಡಲಿ?
— ಓದುಗರು, ಸ್ಯಾಕ್ರಮೆಂಟೊ

ಉತ್ತರ: ಇಬ್ಬರ ಮಾತನ್ನೂ ಸದ್ಯಕ್ಕೆ ಕೇಳಬೇಡಿ. ಪೇಂಟ್ ಹೊಡೆದರೆ ಕಲೆ ಮುಚ್ಚುತ್ತದೆ, ನೀರು ನಿಲ್ಲುವುದಿಲ್ಲ. ಎಲ್ಲಾ ಕಿತ್ತರೆ ಏನಾಗುತ್ತದೆ ಅಂತ ಮುಂದೆ ಹೇಳುತ್ತೇನೆ.

ನಿಮ್ಮದು 'ಕ್ಯಾನ್ಡ್ ಹ್ಯಾಮ್' ಜಾತಿಯ ಟ್ರೇಲರ್. ಪಕ್ಕದಿಂದ ನೋಡಿದರೆ ಮಾಂಸದ ಡಬ್ಬಿಯನ್ನು ನೆಟ್ಟಗೆ ನಿಲ್ಲಿಸಿದ ಹಾಗೆ ಕಾಣುತ್ತದೆ, ಅದಕ್ಕೇ ಆ ಹೆಸರು. ಶಾಸ್ತಾ ಕಂಪನಿ 1941ರಲ್ಲಿ ಕ್ಯಾಲಿಫೋರ್ನಿಯಾದಲ್ಲೇ ಶುರುವಾದದ್ದು, ಮೊದಲು ಸೈನಿಕರ ವಸತಿಗೆ ಅಂತ. ಹಿಂಬದಿಯ ಎರಡು ಪುಟ್ಟ ರೆಕ್ಕೆಗಳು ಅದರ ಗುರುತು. ನಿಮ್ಮ ಗಾಡಿಗೆ ರೆಕ್ಕೆ ಇನ್ನೂ ಇದ್ದರೆ ಜೋಪಾನ, ಕದಿಯುವವರಿದ್ದಾರೆ.

ಇವುಗಳನ್ನು ಕಟ್ಟಿದ ಕ್ರಮ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ನಾವು ಮನೆ ಕಟ್ಟುವುದು ಹೊರಗಿನಿಂದ ಒಳಕ್ಕೆ, ಅಲ್ವಾ? ಇದು ಉಲ್ಟಾ. ಮೊದಲು ನೆಲ. ಅದರ ಮೇಲೆ ಒಳಗೋಡೆಯ ತೆಳು ಪ್ಲೈ, ಬೀರು, ಬೆಂಚು, ತೆಳ್ಳನೆ ಮರದ ಪಟ್ಟಿಗಳ ಚೌಕಟ್ಟು. ಆಮೇಲೆ ಚೂರು ಉಣ್ಣೆಯಂಥ ಫೈಬರ್‌ಗ್ಲಾಸ್. ಕೊನೆಗೆ ಹೊರಗಿನ ಅಲ್ಯೂಮಿನಿಯಂ ತಗಡು. ಬೀರುಗಳ ಸ್ಕ್ರೂ ಎಷ್ಟೋ ಕಡೆ ಹೊರಗಡೆಯಿಂದ ಹೊಡೆದಿರುತ್ತಾರೆ, ತಗಡಿನ ಅಡಿಯಲ್ಲಿ. ಒಳಗೆ ಕೂತು ಎಷ್ಟು ಹುಡುಕಿದರೂ ಸಿಗುವುದಿಲ್ಲ. ಆದ್ದರಿಂದ ಒಳಗಿನ ರಿಪೇರಿ ಹೊರಗಿನಿಂದ ಮಾಡಬೇಕು. ಮೊದಲ ಸಲ ಇದು ಯಾರಿಗೂ ಹೊಳೆಯುವುದಿಲ್ಲ. ನನಗೂ ಹೊಳೆದಿರಲಿಲ್ಲ. ಚೆನ್ನಾಗಿದ್ದ ಒಂದು ಬಟ್ಟೆ ಬೀರುವನ್ನು ಸನಿಕೆ ಹಾಕಿ ಮೀಟಿ ಮೀಟಿ ಒಡೆದ ಮೇಲೆ ಬುದ್ಧಿ ಬಂತು.

ಈಗ ಒಂದು ದಬ್ಬಣ ತಗೊಳ್ಳಿ. ಕಪ್ಪು ಕಲೆ ಇರುವ ಕಡೆ, ನಾಲ್ಕೂ ಮೂಲೆ, ಕಿಟಕಿಗಳ ಕೆಳಗೆ, ಬೆಂಚಿನ ಒಳಗೆ ಗೋಡೆ ನೆಲಕ್ಕೆ ಸೇರುವಲ್ಲಿ ಒತ್ತಿ ನೋಡಿ. ಗಟ್ಟಿ ಇದ್ದರೆ ಬರೀ ಕಲೆ. ಬೆಣ್ಣೆಗೆ ಚುಚ್ಚಿದ ಹಾಗೆ ಒಳಗೆ ಹೋದರೆ ಮರ ಲಡ್ಡಾಗಿದೆ. ಬೆರಳ ಗೆಣ್ಣಿಂದ ತಟ್ಟಿದಾಗ ಸಡಿಲ ಕಾಗದದ ಸದ್ದು ಬಂದರೆ ಪ್ಲೈ ಪದರ ಬಿಟ್ಟಿದೆ. ಎಲ್ಲವನ್ನೂ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ.

ಆಮೇಲೆ ಒಬ್ಬರು ಟಾರ್ಚ್ ಹಿಡಿದು ಒಳಗೆ, ಇನ್ನೊಬ್ಬರು ಹೊರಗೆ ಪೈಪ್ ಹಿಡಿದು. ನೀರನ್ನು ಕೆಳಗಿನಿಂದ ಶುರು ಮಾಡಿ ನಿಧಾನಕ್ಕೆ ಮೇಲಕ್ಕೆ ಬಿಡಿ. ಮೇಲಿನಿಂದ ಸುರಿದರೆ ಎಲ್ಲಾ ಕಡೆ ಒದ್ದೆಯಾಗಿ ಯಾವುದು ಸೋರಿದ್ದು ಅಂತ ತಿಳಿಯುವುದಿಲ್ಲ. ಸಾಮಾನ್ಯವಾಗಿ ಕಳ್ಳರು ಇವರೇ: ಕಿಟಕಿಯ ಚೌಕಟ್ಟು, ಚಾವಣಿ ಮತ್ತು ಪಕ್ಕದ ತಗಡು ಸೇರುವ ಅಂಚಿನ ಪಟ್ಟಿ, ಚಾವಣಿಯ ಗಾಳಿಕಿಂಡಿ, ಮೇಲಿನ ಪುಟ್ಟ ದೀಪಗಳು. ಇವುಗಳ ಅಡಿಯಲ್ಲಿ ಆಗ ಹಾಕಿದ್ದ ಪುಟ್ಟಿ ಇಷ್ಟು ವರ್ಷಕ್ಕೆ ಒಣಗಿ ಬಿಸ್ಕತ್ತಿನ ಹಾಗೆ ಪುಡಿಯಾಗಿರುತ್ತದೆ. ಆ ಭಾಗವನ್ನು ಬಿಚ್ಚಿ, ಹಳೆ ಪುಟ್ಟಿ ಕೆರೆದು, ಬ್ಯೂಟೈಲ್ ಟೇಪ್ (ರಬ್ಬರಿನಂಥ ಮೆತ್ತನೆ ಅಂಟು ಪಟ್ಟಿ) ಹಾಕಿ ಮತ್ತೆ ಕೂರಿಸಬೇಕು. ಹಳೆ ತೂತಿನಲ್ಲಿ ಸ್ಕ್ರೂ ಸುಮ್ನೆ ತಿರುಗುತ್ತಿದ್ದರೆ ಒಂದು ಸೈಜ್ ದಪ್ಪದ್ದು ಹಾಕಿ. ದಯವಿಟ್ಟು ಮೇಲಿಂದ ಸಿಲಿಕೋನ್ ಬಳಿಯಬೇಡಿ. ಅದು ಒಂದು ಸಲ ಮೆತ್ತಿದರೆ ಆ ಜಾಗಕ್ಕೆ ಮುಂದೆ ಬೇರೆ ಯಾವುದೂ ಅಂಟುವುದಿಲ್ಲ. ಹಿಂದಿನ ಮಾಲೀಕರು ಬಳಿದ ಸಿಲಿಕೋನ್ ಕೆರೆಯುವುದಕ್ಕೇ ನನ್ನ ಒಂದಿಡೀ ವಾರ ಹೋಗಿದೆ.

ಇನ್ನು ಪಕ್ಕದ ಮನೆಯವರ ಸಲಹೆ. ಈ ಟ್ರೇಲರ್‌ನಲ್ಲಿ ಬೀರು, ಬೆಂಚು ಬರೀ ಸಾಮಾನು ಇಡುವುದಕ್ಕಲ್ಲ. ಗೋಡೆ ವಾಲದಂತೆ, ಚಾವಣಿ ಜೋತುಬೀಳದಂತೆ ಹಿಡಿದಿರುವುದು ಅವೇ. ಎಲ್ಲವನ್ನೂ ಒಟ್ಟಿಗೆ ಕಿತ್ತು ಹೊರಗೆ ಹಾಕಿದರೆ ಗಾಡಿ ತನ್ನ ಆಕಾರ ಬಿಡುತ್ತದೆ, ಆಮೇಲೆ ಬಾಗಿಲು ಜನ್ಮದಲ್ಲಿ ಸರಿಯಾಗಿ ಮುಚ್ಚುವುದಿಲ್ಲ. ಒಂದು ಮೂಲೆ ಬಿಚ್ಚಿ, ಸರಿಮಾಡಿ, ಕಟ್ಟಿ, ನಂತರ ಇನ್ನೊಂದು ಮೂಲೆಗೆ ಹೋಗಿ. ಲಡ್ಡಾದ ಪಟ್ಟಿಯನ್ನು ಅಚ್ಚಾಗಿ ಇಟ್ಟುಕೊಂಡು ಹೊಸದನ್ನು ಕತ್ತರಿಸಿ. ಹಳೆ ಪ್ಲೈ ಚೂರು ಎಷ್ಟೇ ಹಾಳಾಗಿರಲಿ, ಕೆಲಸ ಮುಗಿಯುವವರೆಗೂ ಬಿಸಾಡಬೇಡಿ. ಆ ಬಾಗಿದ ಅಂಚಿನ ಅಳತೆ ಬೇರೆ ಎಲ್ಲೂ ಸಿಗುವುದಿಲ್ಲ. ಬಿಚ್ಚುವ ಮೊದಲು ಫೋಟೊ, ಪ್ರತಿ ತುಂಡಿಗೂ ನಂಬರು.

ಚಿಟ್ಟೆ ಆಕಾರದ ಕಚ್ಚು ಇರುವ ಸ್ಕ್ರೂ ಸಿಕ್ಕಿದರೆ ಗಾಬರಿ ಬೇಡ. ಅದು ಕ್ಲಚ್ ಹೆಡ್. ಅದಕ್ಕೆ ಬೇರೆ ಬಿಟ್ ಬರುತ್ತದೆ. ಮಾಮೂಲಿ ಸ್ಕ್ರೂಡ್ರೈವರ್ ತುರುಕಿದರೆ ಕಚ್ಚು ಹಾಳು.

ಇಲಿಯ ಹಿಕ್ಕೆ ಕಂಡರೆ ಪೊರಕೆ ಮುಟ್ಟಬೇಡಿ. ಅಮೆರಿಕದ ಪಶ್ಚಿಮ ಭಾಗದ ಕಾಡಿಲಿಗಳಿಂದ ಹಂಟಾವೈರಸ್ ಎಂಬ ಪ್ರಾಣಾಂತಿಕ ಸೋಂಕು ಬರುತ್ತದೆ, ಅದು ಹರಡುವುದು ಮುಖ್ಯವಾಗಿ ಒಣ ಹಿಕ್ಕೆಯ ದೂಳಿನಿಂದ. ಬಾಗಿಲು ಕಿಟಕಿ ತೆರೆದು ಅರ್ಧ ಗಂಟೆ ದೂರ ಹೋಗಿ. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ನೆನೆಸಿ, ಐದು ನಿಮಿಷ ಬಿಟ್ಟು, ಗ್ಲೌಸ್ ಹಾಕಿಕೊಂಡು ಕಾಗದದಲ್ಲಿ ಒರೆಸಿ ತೆಗೆಯಿರಿ.

ಪೇಂಟ್ ಹೊಡೆಯುವುದೋ ಬೇಡವೋ? ನಿಮ್ಮ ಗಾಡಿ, ನಿಮ್ಮ ಇಷ್ಟ. ಆದರೆ ಒಮ್ಮೆ ಬಿಳಿ ಹೊಡೆದ ಬರ್ಚ್ ಮರದ ಪ್ಲೈಯನ್ನು ಮತ್ತೆ ಜೇನುಬಣ್ಣಕ್ಕೆ ತರುವುದು ಹೆಚ್ಚೂಕಮ್ಮಿ ಅಸಾಧ್ಯ. ಮೇಲಿನ ಪದರ ಕಾಗದದಷ್ಟು ತೆಳು, ಉಜ್ಜಿದರೆ ತೂತು. ಮೊದಲೇ ಯಾರೋ ಪೇಂಟ್ ಹೊಡೆದಿದ್ದರೆ ಉಜ್ಜುವ ಮೊದಲು ಸೀಸದ ಪರೀಕ್ಷೆ ಮಾಡಿ. ಮನೆಗೆ ಬಳಿಯುವ ಸೀಸದ ಪೇಂಟನ್ನು ಅಮೆರಿಕ ನಿಲ್ಲಿಸಿದ್ದೇ 1978ರಲ್ಲಿ.

ಪ್ರಶ್ನೆ: ಒಂದು ಗೋಡೆಗೆ ಹೊಸ ಬರ್ಚ್ ಪ್ಲೈ ಹಾಕಿದೆ. ಹಳೆಯದು ಜೇನು, ಹೊಸದು ಹಾಲು. ಮೂರು ಬಗೆಯ ಸ್ಟೇನ್ (ಮರ ಹೀರಿಕೊಳ್ಳುವ ಬಣ್ಣ) ಹಚ್ಚಿ ನೋಡಿದೆ, ಮಚ್ಚೆ ಮಚ್ಚೆಯಾಯಿತು. ಹಳೆ ಬಣ್ಣ ಬರುವುದು ಹೇಗೆ?
— ಓದುಗರು, ಪೋರ್ಟ್‌ಲ್ಯಾಂಡ್

ಉತ್ತರ: ನನಗೆ ತುಂಬ ಇಷ್ಟದ ಪ್ರಶ್ನೆ. ಯಾಕೆಂದರೆ ಇದರ ಉತ್ತರ ನಮ್ಮ ಊರಿನ ಕಡೆಯದು.

ಆ ಬಣ್ಣ ಸ್ಟೇನ್ ಅಲ್ಲ, ಶೆಲ್ಯಾಕ್. ಶೆಲ್ಯಾಕ್ ಅಂದರೆ ನಮ್ಮ ಅರಗು. ಜಾರ್ಖಂಡ್, ಛತ್ತೀಸ್‌ಗಢದ ಕಡೆ ಮುತ್ತುಗ, ಬೋರೆ ಮರಗಳ ಕೊಂಬೆ ಮೇಲೆ ಸಾಸಿವೆಗಿಂತ ಸಣ್ಣ ಹುಳು ಸುರಿಸುವ ಅಂಟು. ಅದನ್ನು ಕೆರೆದು, ಕರಗಿಸಿ, ಹಪ್ಪಳದ ಹಾಗೆ ಹರಡಿ, ಒಡೆದು ಚಕ್ಕೆ ಮಾಡುತ್ತಾರೆ. ಚನ್ನಪಟ್ಟಣದಲ್ಲಿ ತಿರುಗುವ ಆಲೆ ಮರದ ಗೊಂಬೆಗೆ ಬಣ್ಣದ ಕಡ್ಡಿ ಒತ್ತಿ ಹಿಡಿಯುತ್ತಾರಲ್ಲ, ಆ ಕಡ್ಡಿಯೂ ಅರಗೇ. ಅಲ್ಲಿ ಅದು ಉಜ್ಜಿದ ಬಿಸಿಗೆ ಕರಗುತ್ತದೆ, ಇಲ್ಲಿ ಆಲ್ಕೋಹಾಲಿನಲ್ಲಿ.

ಅನುಮಾನವಿದ್ದರೆ ಬೀರಿನ ಒಳಗೆ, ಕಾಣದ ಕಡೆ, ಹತ್ತಿಯನ್ನು ಡಿನೇಚರ್ಡ್ ಆಲ್ಕೋಹಾಲಿನಲ್ಲಿ (ಕುಡಿಯಲು ಬಾರದ ಹಾಗೆ ಮಾಡಿದ ಸ್ಪಿರಿಟ್) ಅದ್ದಿ ಉಜ್ಜಿ. ಗೋಡೆ ಅಂಟಂಟಾಗಿ ಹತ್ತಿಗೆ ಕಂದು ಬಣ್ಣ ಬಂದರೆ ಅದು ಶೆಲ್ಯಾಕ್.

ಅಂಗಡಿಯಲ್ಲಿ 'ಅಂಬರ್' ಶೆಲ್ಯಾಕ್ ಅಂತ ಕೇಳಿ ತನ್ನಿ. ಚಕ್ಕೆ ತಂದರೆ ಒಂದು ಲೀಟರ್ ಆಲ್ಕೋಹಾಲಿಗೆ ಸುಮಾರು 240 ಗ್ರಾಂ ಹಾಕಿ ರಾತ್ರಿಯಿಡೀ ಬಿಡಿ, ಹಳೆ ಬನಿಯನ್ ಬಟ್ಟೆಯಲ್ಲಿ ಸೋಸಿ. ಇದನ್ನೇ ಅಲ್ಲಿನವರು 'ಎರಡು ಪೌಂಡ್ ಕಟ್' ಅನ್ನುತ್ತಾರೆ, ಗ್ಯಾಲನ್‌ಗೆ ಎರಡು ಪೌಂಡ್ ಚಕ್ಕೆ ಅಂತ. ಡಬ್ಬಿಯಲ್ಲಿ ಬರುವ ರೆಡಿ ಮಾಲು ಇದಕ್ಕಿಂತ ಗಟ್ಟಿ, ಸ್ವಲ್ಪ ತೆಳು ಮಾಡಿಕೊಳ್ಳಿ. ಹಳೆ ಡಬ್ಬಿ ಮಾತ್ರ ನಂಬಬೇಡಿ. ಗಾಜಿನ ಮೇಲೆ ಒಂದು ಹನಿ ಬಿಟ್ಟು ನೋಡಿ. ಮಾರನೇ ದಿನವೂ ಬೆರಳಿಗೆ ಅಂಟಿದರೆ ಅದು ಜನ್ಮದಲ್ಲಿ ಒಣಗುವುದಿಲ್ಲ, ಚೆಲ್ಲಿಬಿಡಿ.

ಹಚ್ಚುವಾಗ ಕೈ ಚುರುಕಾಗಿರಲಿ. ಒಂದು ಗೆರೆ ಎಳೆದರೆ ಮುಗಿಯಿತು, ಹಿಂದಕ್ಕೆ ಬಂದು ತಿದ್ದಲು ಹೋದರೆ ರಾಡಿ. ತೆಳ್ಳಗೆ ಮೂರೋ ನಾಲ್ಕೋ ಸಲ. ಪ್ರತಿ ಸಲಕ್ಕೂ ಬಣ್ಣ ಒಂದು ಮೆಟ್ಟಿಲು ಗಾಢವಾಗುತ್ತದೆ, ಹಳೆ ಗೋಡೆಗೆ ಹೊಂದಿತು ಅನಿಸಿದ ಕಡೆ ನಿಲ್ಲಿಸಿ. ಮೊದಲು ಪ್ಲೈ ಚೂರಿನ ಮೇಲೆ ಪ್ರಯೋಗ ಮಾಡಿದವರು ಬುದ್ಧಿವಂತರು. ಸ್ಟೇನ್ ಹಚ್ಚಿ ಮಚ್ಚೆಯಾದ ನಿಮ್ಮ ಹಲಗೆಯನ್ನು ಉಳಿಸಲು ಹೋಗಬೇಡಿ. ಬರ್ಚ್ ಬಣ್ಣವನ್ನು ಒಂದೇ ಸಮ ಹೀರುವುದಿಲ್ಲ, ಅದರ ಗುಣವೇ ಹಾಗೆ.

ಹಳೆ ಗೋಡೆಗೂ ಒಳ್ಳೆ ಸುದ್ದಿ ಇದೆ. ಹೊಸ ಶೆಲ್ಯಾಕ್ ಹಳೆಯದನ್ನು ಕೊಂಚ ಕರಗಿಸಿ ಅದರೊಳಗೇ ಬೆರೆಯುತ್ತದೆ. ಹಾಗಾಗಿ ಪೂರ್ತಿ ಕೆರೆಯಬೇಕಿಲ್ಲ. ಜಿಡ್ಡು ಒರೆಸಿ, ಒಣಗಿಸಿ, ಮೇಲೆ ಒಂದು ಕೋಟ್. ಅರವತ್ತು ವರ್ಷದ ಮಂಕು ಒಂದು ಮಧ್ಯಾಹ್ನದಲ್ಲಿ ಹೋಗುತ್ತದೆ. ಗಟ್ಟಿಯಾಗಿದ್ದೂ ನೀರಿನ ಕಪ್ಪು ಕಲೆ ಇರುವ ಕಡೆ ಮಾತ್ರ ಶೆಲ್ಯಾಕ್ ತೆಗೆದು ಆಕ್ಸಾಲಿಕ್ ಆಸಿಡ್ ಹಚ್ಚಬಹುದು. ಮೊಳೆಯ ಕಬ್ಬಿಣದಿಂದಾದ ಕಪ್ಪನ್ನು ಅದು ತೆಗೆಯುತ್ತದೆ, ಬೂಷ್ಟಿನ ಕಪ್ಪನ್ನಲ್ಲ. ಈ ಆಸಿಡ್ ವಿಷ. ಗ್ಲೌಸು, ಕನ್ನಡಕ ಬೇಕೇ ಬೇಕು. ಆಮೇಲೆ ಚೆನ್ನಾಗಿ ನೀರಲ್ಲಿ ಒರೆಸಿ.

ಒಂದು ಚಿಕ್ಕ ಕಳ್ಳದಾರಿ: ಎದುರಿಗೆ ಕಾಣುವ ಕಡೆ ಅಂಗೈಯಗಲ ತೇಪೆ ಬೇಕಾದರೆ, ಬೆಂಚಿನ ಒಳಗಿನ ಹಳೆ ಪ್ಲೈ ಕತ್ತರಿಸಿ ಇಲ್ಲಿ ಹಾಕಿ, ಹೊಸದನ್ನು ಅಲ್ಲಿಗೆ ಹಾಕಿ. ಬೆಂಚಿನೊಳಗೆ ಯಾರು ಇಣುಕುತ್ತಾರೆ?

ಶೆಲ್ಯಾಕ್‌ಗೆ ಬಿಸಿ ಪಾತ್ರೆ, ನೀರು, ಮದ್ಯ ಮೂರೂ ಆಗದು. ಲೋಟದ ಬಿಳಿ ಉಂಗುರ ಬೀಳುತ್ತದೆ. ಆದ್ದರಿಂದ ಸಿಂಕಿನ ಅಕ್ಕಪಕ್ಕ ಮೇಣ ತೆಗೆದ ಶೆಲ್ಯಾಕ್ ಹಚ್ಚಿ ಅದರ ಮೇಲೆ ವಾರ್ನಿಷ್ ಕೊಡಿ. ಮೇಣ ಇರುವುದರ ಮೇಲೆ ಪಾಲಿಯುರಥೇನ್ ವಾರ್ನಿಷ್ ಸರಿಯಾಗಿ ಹಿಡಿಯುವುದಿಲ್ಲ. ಕೆಲಸ ಮಾಡುವಾಗ ಬಾಗಿಲು ತೆರೆದಿರಲಿ, ಗ್ಯಾಸ್ ಬಂದ್ ಆಗಿರಲಿ. ಆಲ್ಕೋಹಾಲಿನ ಆವಿಗೆ ಕಿಡಿ ಸಾಕು.

ಪ್ರಶ್ನೆ: ಕರೆಂಟ್ ಹಾಕಿ ಬಾಗಿಲ ಹಿಡಿ ಮುಟ್ಟಿದರೆ ಜುಮ್ ಅನ್ನುತ್ತದೆ. ನೆಲ ಒದ್ದೆಯಾಗಿದ್ದರೆ ಇನ್ನೂ ಜಾಸ್ತಿ. ಹಳೆ ಗಾಡಿಗೆ ಇದು ಸಹಜವೇ?
— ಓದುಗರು, ಆಸ್ಟಿನ್

ಉತ್ತರ: ಈ ಸಾಲು ಓದುತ್ತಿದ್ದ ಹಾಗೇ ಪ್ಲಗ್ ಕೀಳಿ. ಸಹಜ ಅಲ್ಲ, ಪ್ರಾಣಕ್ಕೆ ಅಪಾಯ.

ಆ ಕಾಲದ ಎಷ್ಟೋ ಟ್ರೇಲರ್‌ಗಳಲ್ಲಿ ಎರಡೇ ವೈರು, ಅರ್ಥ್ ಇಲ್ಲ. ಒಳಗೆ ಎಲ್ಲೋ ಒಂದು ವೈರಿನ ಸಿಪ್ಪೆ ಹೋಗಿ ತಗಡಿಗೆ ತಾಗಿದರೆ ಇಡೀ ಗಾಡಿಯೇ ಕರೆಂಟಿನ ಡಬ್ಬ. ರಬ್ಬರ್ ಟೈರಿನ ಮೇಲೆ ನಿಂತಿರುವುದರಿಂದ ಆ ಕರೆಂಟಿಗೆ ನೆಲಕ್ಕೆ ಇಳಿಯಲು ದಾರಿ ಇಲ್ಲ. ಒದ್ದೆ ನೆಲದ ಮೇಲೆ ನಿಂತು ಹಿಡಿ ಮುಟ್ಟಿದ ನೀವೇ ಆ ದಾರಿ. 120 ವೋಲ್ಟ್ ಕಮ್ಮಿ ಅಂತ ಅಸಡ್ಡೆ ಬೇಡ.

ಪೂರ್ತಿ ಮೂರು ವೈರಿನ ಹೊಸ ಲೈನ್ ಎಳೆಸಿ, ಕರೆಂಟ್ ಸೋರಿದರೆ ತಾನೇ ಕಟ್ಟಾಗುವ ಜಿಎಫ್‌ಸಿಐ ಸಾಧನ ಹಾಕಿಸಿ. ತಗಡು ಮತ್ತು ಕೆಳಗಿನ ಕಬ್ಬಿಣದ ಚೌಕಟ್ಟು ಎರಡೂ ಅರ್ಥ್‌ಗೆ ಸೇರಿರಬೇಕು. ಮನೆಯ ಮುಖ್ಯ ಪೆಟ್ಟಿಗೆಯಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ಒಂದಾಗಿರುತ್ತವೆ, ಟ್ರೇಲರ್‌ನ ಪೆಟ್ಟಿಗೆಯಲ್ಲಿ ಬೇರೆ ಬೇರೆ ಇರಬೇಕು. ಮನೆ ಕೆಲಸ ಮಾತ್ರ ಗೊತ್ತಿರುವ ಎಲೆಕ್ಟ್ರಿಷಿಯನ್ ಇಲ್ಲಿ ಎಡವುತ್ತಾರೆ, ಕೇಳಿ ಖಚಿತ ಮಾಡಿಕೊಳ್ಳಿ. ಹೊರಗಿನ ತಗಡು ಬಿಚ್ಚಿರುವಾಗಲೇ ಇದನ್ನು ಮುಗಿಸಿದರೆ ಅರ್ಧ ಖರ್ಚು ಉಳಿಯುತ್ತದೆ.

ಪ್ರಶ್ನೆ: ಹಳೆ ಗ್ಯಾಸ್ ಒಲೆ, ಗ್ಯಾಸ್ ದೀಪ, ಗೋಡೆಯ ಹೀಟರ್ ಮೂರೂ ಚೆನ್ನಾಗಿ ಕಾಣುತ್ತಿವೆ. ಬಳಸಬಹುದೇ? ನೆಲದ ಹಳೆ ಟೈಲ್ಸ್ ಕೀಳಲೇ?
— ಓದುಗರು, ಡೆನ್ವರ್

ಉತ್ತರ: ಒಲೆ ಉಳಿಸಿ. ರೆಗ್ಯುಲೇಟರ್, ಪೈಪು ಹೊಸದು ಹಾಕಿ, ಲೈನಿಗೆ ಒತ್ತಡದ ಪರೀಕ್ಷೆ ಮಾಡಿಸಿ, ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿ ನೋಡಿ. ದೀಪವನ್ನು ಅಂದಕ್ಕೆ ಇಟ್ಟುಕೊಂಡು ಒಳಗೆ ಎಲ್‌ಇಡಿ ಹಾಕಿ. ಹೊಗೆ ಹೊರಗೆ ಹೋಗಲು ಕೊಳವೆ ಇಲ್ಲದ ಹೀಟರ್ ಆದರೆ ಲೈನು ಕಿತ್ತು ಮುಚ್ಚಿಸಿ. ಅಷ್ಟು ಚಿಕ್ಕ ಜಾಗದಲ್ಲಿ ಕಾರ್ಬನ್ ಮೊನಾಕ್ಸೈಡ್ ಮಲಗಿದವರನ್ನು ಎಬ್ಬಿಸುವುದಿಲ್ಲ. ಅದಕ್ಕೊಂದು ಅಲಾರಂ, ಪ್ರೊಪೇನ್‌ಗೆ ಇನ್ನೊಂದು. ಪ್ರೊಪೇನ್ ಗಾಳಿಗಿಂತ ಭಾರ, ಆದ್ದರಿಂದ ಅದರದ್ದು ನೆಲದ ಹತ್ತಿರ ಇರಲಿ.

ಆ ಕಾಲದ ಟೈಲ್ಸ್, ಅದರ ಕಪ್ಪು ಅಂಟು, ಒಲೆ ಹಿಂದಿನ ಬೂದು ಹಲಗೆ ಇವುಗಳಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಆಸ್ಬೆಸ್ಟಾಸ್ ನಾರು ಇರಬಹುದು. ಒಂದು ಚೂರು ಲ್ಯಾಬಿಗೆ ಕಳಿಸಿ ಉತ್ತರ ಬರುವವರೆಗೆ ಒಡೆಯಬೇಡಿ, ಉಜ್ಜಬೇಡಿ. ನೆಲ ಗಟ್ಟಿ ಇದ್ದರೆ ಅದರ ಮೇಲೇ ಹೊಸ ಲಿನೋಲಿಯಂ ಹಾಸಿದರಾಯಿತು.

ಪ್ರಶ್ನೆ: ಮಗ ಅಮೆರಿಕದಲ್ಲಿ ಹಳೆ ಏರ್‌ಸ್ಟ್ರೀಮ್ ಟ್ರೇಲರ್ ಕೊಂಡಿದ್ದಾನೆ. ನಾನು ಬಡಗಿ. ಮುಂದಿನ ತಿಂಗಳು ಹೋದಾಗ ಒಳಗಿನ ಮರಗೆಲಸ ಮಾಡಿಕೊಡೋಣ ಅಂತ. ಏನು ಗಮನಿಸಬೇಕು?
— ಓದುಗರು, ಮೈಸೂರು

ಉತ್ತರ: ಅದು ಬೇರೆ ಜಾತಿ. ಗೋಡೆಯಲ್ಲಿ ಮರದ ಚೌಕಟ್ಟೇ ಇಲ್ಲ. ಅಲ್ಯೂಮಿನಿಯಂ ಪಕ್ಕೆಲುಬು, ಹೊರಗೊಂದು ಒಳಗೊಂದು ತಗಡು, ವಿಮಾನದ ಹಾಗೆ ರಿವಿಟ್. ಹಾಳಾಗುವುದು ನೆಲದ ಪ್ಲೈವುಡ್, ಅದೂ ಅಂಚಿನಲ್ಲಿ, ಮುಖ್ಯವಾಗಿ ಹಿಂಭಾಗದಲ್ಲಿ. ಇಡೀ ಚಿಪ್ಪು ಆ ಅಂಚಿನ ಮೇಲೇ ಕೂತಿರುತ್ತದೆ. ಹಾಗಾಗಿ ಅಲ್ಲಿ ದಬ್ಬಣ ಚುಚ್ಚಿ ನೋಡದೆ ಬೀರು ಮಾಡಲು ಕೂರಬೇಡಿ.

ಇನ್ನೊಂದು ಮಾತು, ಬಡಗಿಯಾದ್ದರಿಂದ ಹೇಳುತ್ತೇನೆ. ನಿಮ್ಮ ಕೈ ತಾನಾಗಿ 19 ಮಿಲಿಮೀಟರ್ ಪ್ಲೈ ಕಡೆ, ತೇಗದ ಕಡೆ ಹೋಗುತ್ತದೆ. ತಡೆದುಕೊಳ್ಳಿ. ಇದನ್ನು ಕಾರು ಎಳೆಯಬೇಕು. ಅಡುಗೆ ಕಟ್ಟೆಗೆ ಕಲ್ಲು ಬೇಡ, ನಾವು ಸನ್‌ಮೈಕಾ ಅನ್ನುತ್ತೇವಲ್ಲ ಆ ಹಾಳೆ ಸಾಕು, ಹಳೆಯ ಕಾಲಕ್ಕೂ ಅದೇ ಒಪ್ಪುತ್ತದೆ. ಭಾರದ ಸಾಮಾನೆಲ್ಲ ಹಿಂಬದಿಗೆ ಸೇರಿದರೆ ಓಡುವಾಗ ಗಾಡಿ ಬಾಲ ಆಡಿಸುತ್ತದೆ. ಒಟ್ಟು ಭಾರದಲ್ಲಿ ನೂರಕ್ಕೆ 10ರಿಂದ 15 ಪಾಲು ಮುಂದಿನ ಕೊಂಡಿಯ ಮೇಲೆ ಬೀಳಬೇಕು. ಬೀರು ಕೂರಿಸಿದ ಮೇಲೆ ಲಾರಿ ತೂಕದ ಸೇತುವೆಗೆ ಒಯ್ದು ತೂಗಿಸಿ. ಅಳತೆ ಟೇಪ್ ಇಲ್ಲಿಂದ ಒಯ್ಯುವುದಾದರೆ ಇಂಚು ಇರುವುದನ್ನೇ ಒಯ್ಯಿರಿ. ಅಲ್ಲಿನ ಹಳೆ ಗಾಡಿಯಲ್ಲಿ ಮಿಲಿಮೀಟರ್ ಲೆಕ್ಕ ಎಲ್ಲೂ ಕೂಡುವುದಿಲ್ಲ.